ನಲವತ್ತೊಂದನೇ ನಿಲುಗಡೆ

ನಮ್ಮನೆಯವರಿಗೆ ಯೋಚನೆ ಬರುವುದು ತಲೆಗಲ್ಲ, ಕಾಲಿಗೆ. ಇದನ್ನು ನಾನು ಸಿಟ್ಟಿನಲ್ಲಿ ಹೇಳುತ್ತಿಲ್ಲ. ಸಿಟ್ಟಿನಲ್ಲಿ ಹೇಳುವುದು ಬೇರೆಯೇ ಇದೆ, ಅದು ಮುಂದೆ ಬರುತ್ತದೆ.

"ರೀ, ದೊಡ್ಡ ಕತ್ತರಿ ಎಲ್ಲಿಟ್ರಿ?" ಎಂದು ಕೇಳಿದರೆ ಬೇರೆ ಗಂಡಸರು ತಲೆ ಕೆರೆದುಕೊಳ್ಳುತ್ತಾರೆ. ಇವರು ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾರೆ, ಎಡಕ್ಕೆ ತಿರುಗುತ್ತಾರೆ, ಗೋಡೆಗೆ ಮುಖ ಮಾಡಿ ಒಂದು ನಿಮಿಷ ನಿಲ್ಲುತ್ತಾರೆ. ಆಮೇಲೆ "ಹಾಂ, ಮಂಚದ ಕೆಳಗೆ" ಅನ್ನುತ್ತಾರೆ. ಮಂಚ ಇರುವುದು ಬಲಕ್ಕೆ. ಹಾಗಾದರೆ ಎಡಕ್ಕೆ ಯಾಕೆ ಹೋದರು? ಕೇಳಿದರೆ ಅವರಿಗೂ ಗೊತ್ತಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷ ಈ ಕುಣಿತ ನೋಡಿದ್ದೇನೆ.

ಇವರು ಪೋಸ್ಟ್‌ಮ್ಯಾನ್. ಮೂವತ್ತೊಂದು ವರ್ಷದಿಂದ ಒಂದೇ ಬೀಟು. ಬೀಟು ಎಂದರೆ ಇವರು ದಿನಾ ಕಾಗದ ಹಂಚುವ ದಾರಿ. ಒಂದೇ ಉದ್ದ ರಸ್ತೆ, ಪೋಸ್ಟ್ ಆಫೀಸಿನ ಪಕ್ಕದ ಒಂದನೇ ನಂಬರ್ ಮನೆಯಿಂದ ಶುರುವಾಗಿ ಕೊನೆಯ ದೊಡ್ಡ ಕಟ್ಟಡದ ತನಕ. ಬೆಳಿಗ್ಗೆ ಕಾಗದಗಳನ್ನೆಲ್ಲ ನಡೆಯುವ ಸಾಲಿಗೆ ಸರಿಯಾಗಿ ಜೋಡಿಸಿಕೊಂಡು ಹೊರಟರೆ ಮುಗಿಯಿತು, ಕಾಲು ತಾನಾಗಿಯೇ ಹೋಗುತ್ತದೆ.

ನಾನು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್. ಪರದೆ ಹೊಲಿಯುತ್ತೇನೆ, ಪ್ಯಾಂಟು ಮೊಟಕು ಮಾಡುತ್ತೇನೆ, ಜಿಪ್ ಬದಲಿಸುತ್ತೇನೆ. ಕುತ್ತಿಗೆಗೆ ಅಳತೆ ಟೇಪು, ಎದೆಯ ಮೇಲೆ ಬಟ್ಟೆಗೆ ಚುಚ್ಚಿದ, ದಾರ ಪೋಣಿಸಿದ ಒಂದು ಸೂಜಿ. ಆ ಹಾಳು ಸೂಜಿ ದಿನಕ್ಕೆ ನಾಲ್ಕು ಸಲ ನನಗೇ ಚುಚ್ಚುತ್ತದೆ. "ಅದನ್ನ ಡಬ್ಬೀಲಿ ಇಡಬಾರದೇನೇ?" ಎಂದು ಇವರು ಗೊಣಗುತ್ತಾರೆ. ಬೇಕಾದಾಗ ಕೈಗೆ ಸಿಗಬೇಕಲ್ಲ, ಡಬ್ಬಿ ಹುಡುಕಿಕೊಂಡು ಯಾರು ಹೋಗುತ್ತಾರೆ?

ಇವರ ಬೀಟಿನ ಕೊನೆಯ ದೊಡ್ಡ ಕಟ್ಟಡ ಇದೆಯಲ್ಲ, ಅದು ಮಿದುಳಿನ ಸಂಶೋಧನೆ ಮಾಡುವ ಜಾಗ. ಅಲ್ಲಿ ಒಬ್ಬ ಹುಡುಗಿ ಡಾಕ್ಟರ್. ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡು, ಆ ಪೆನ್ನನ್ನೇ ಊರೆಲ್ಲ ಹುಡುಕುವ ಪೈಕಿ. ನಾನು ಅವಳಿಗೆ ಮಿದುಳಮ್ಮ ಎಂದು ಹೆಸರಿಟ್ಟಿದ್ದೇನೆ. ಒಂದು ದಿನ ಅವಳು ಇವರನ್ನು ಏನೋ ಕೇಳಿದಳಂತೆ. ಇವರು ಉತ್ತರ ಹೇಳುವ ಮೊದಲು ನಾಲ್ಕು ಹೆಜ್ಜೆ ನಡೆದು ಗೋಡೆಗೆ ಮುಖ ಮಾಡಿದರಂತೆ. ನಾನು ಇಪ್ಪತ್ತೆಂಟು ವರ್ಷ ಬೈದದ್ದನ್ನು ನೋಡಿ ಅವಳು ಚಪ್ಪಾಳೆ ತಟ್ಟಿದಳು. "ನಿಮ್ಮ ತಲೆ ನನಗೆ ಬೇಕು" ಅಂದಳಂತೆ.

"ನಾನೂ ಬರ್ತೀನಿ" ಅಂದೆ. ನನ್ನ ಗಂಡನ ತಲೆಯನ್ನು ಕಂಡವರ ಕೈಗೆ ಕೊಟ್ಟು ಸುಮ್ಮನೆ ಮನೆಯಲ್ಲಿ ಕೂರುವವಳಲ್ಲ ನಾನು.

ಅಲ್ಲಿ ಹೋದರೆ ಬಟ್ಟೆ ಒಗೆಯುವ ಮಿಷನ್ನಿನ ಅಪ್ಪನ ಹಾಗಿದ್ದ ಯಂತ್ರ. ಅದರ ಬಾಯಿಗೆ ಇವರನ್ನು ಮಲಗಿಸಿ ತಳ್ಳಿದರು. ಹತ್ತಿರ ಕಬ್ಬಿಣ ಇರಬಾರದು ಎಂದು ನನ್ನ ಸೂಜಿಯನ್ನೂ ತೆಗೆಸಿ ಒಂದು ತಟ್ಟೆಯಲ್ಲಿಟ್ಟರು. ಅಷ್ಟು ಹೊತ್ತೂ ನನ್ನ ಕೈ ಸುಮ್ಮನಿರಲಿಲ್ಲ, ಎದೆಯ ಹತ್ತಿರ ಹೋಗಿ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿತ್ತು. ಮಿದುಳಮ್ಮ ಅದನ್ನೂ ನೋಡಿ ನಕ್ಕಳು.

"ಅಂಕಲ್‌ದು ಕಾಲಲ್ಲಿದೆ, ನಿಮ್ಮದು ಕೈಯಲ್ಲಿದೆ ಆಂಟಿ."

"ಏನದು?"

"ನಕ್ಷೆ. ದಾರಿ ನೆನಪಿಡೋಕೆ ನಮ್ಮ ತಲೆಯೊಳಗಿನ ವೈರಿಂಗಲ್ಲೇ ಒಂಥರಾ ನಕ್ಷೆ ಇರುತ್ತೆ. ಮೊದಲು ಅದು ಬರೀ ದಾರಿಗೆ ಅಂದ್ಕೊಂಡಿದ್ರು. ಆದ್ರೆ ಜನರನ್ನ, ರುಚಿಯನ್ನ, ಒಳ್ಳೇದು ಕೆಟ್ಟದ್ದನ್ನ ಯೋಚಿಸೋವಾಗ್ಲೂ ಅದೇ ನಕ್ಷೆ ಕೆಲಸಕ್ಕೆ ಬರುತ್ತೆ ಅನ್ಸುತ್ತೆ. ಇವರು ನನಗೆ ಹತ್ತಿರ, ಅವರು ದೂರ ಅಂತೀವಲ್ಲ, ಹಾಗೆ."

"ಅಂದ್ರೆ ಕಾಗದದ ಮೇಲೆ ಒಂದೇ ಅಳತೆ ಕತ್ತರಿಸಿಟ್ಕೊಂಡು ಅದೇ ಅಳತೇಲಿ ಪರದೇನೂ ಹೊಲಿ, ಕೋಟೂ ಹೊಲಿ ಅಂದ ಹಾಗೆ."

"ಅದೇ ಆಂಟಿ! ಇದನ್ನ ನಾನು ನನ್ನ ಪ್ರೊಫೆಸರ್‌ಗೆ ಹೇಳ್ಲಾ?"

ಹೇಳಿಕೋ. ಆದರೆ ಆಂಟಿ ಅನ್ನಬೇಡ.

ಪರೀಕ್ಷೆ ಹೀಗೆ. ಮೊದಲು ಇವರು ಮಲಗಿದಲ್ಲೇ ಬೀಟು ನಡೆಯಬೇಕು, ಮನಸ್ಸಿನಲ್ಲಿ. ಮೊದಲನೇ ನಿಲುಗಡೆ, ಆಮೇಲೆ ಎರಡನೇದು, ಮೂರನೇದು. ಒಂದೊಂದಕ್ಕೂ ಕೈಯಲ್ಲಿ ಒಂದು ಗುಂಡಿ ಒತ್ತಬೇಕು. ಒಂದೊಂದು ನಿಲುಗಡೆಗೂ ತಲೆಯೊಳಗೆ ಯಾವ ಗುರುತು ಮೂಡುತ್ತದೆ ಎಂದು ಯಂತ್ರ ಕಲಿತುಕೊಳ್ಳುತ್ತದೆ. ಆಮೇಲೆ ಮಿದುಳಮ್ಮ ಒಂದೊಂದೇ ಹೆಸರು ಹೇಳುತ್ತಾಳೆ, ಇವರು ಅದನ್ನು ಯೋಚಿಸಬೇಕು, ಅಷ್ಟೆ. ಆಗ ಮೂಡಿದ ಗುರುತು ಯಾವ ನಿಲುಗಡೆಯ ಗುರುತಿಗೆ ಹೊಂದುತ್ತದೆ ಎಂದು ಯಂತ್ರ ಲೆಕ್ಕ ಹಾಕಿ ನಂಬರ್ ಕೊಡುತ್ತದೆ. "ಬರೀ ಅಂದಾಜು, ತಲೆ ಕೆಡಿಸ್ಕೋಬೇಡಿ" ಅಂದಳು. ಹಾಗೆ ಹೇಳಿದ ಕೂಡಲೇ ನನ್ನ ತಲೆ ಕೆಟ್ಟಿತು.

ವಾರ ಬಿಟ್ಟು ಅವಳು ಕಳಿಸಿದ ಹಾಳೆ ಬಂತು. ಇವರು ಬೀಟಿಗೆ ಹೋಗಿದ್ದರು. ಮನೆಯಲ್ಲಿದ್ದದ್ದು ನಾನು ಮತ್ತು ನನ್ನ ಗ್ರಹಚಾರಕ್ಕೆ ಇವರ ಅಕ್ಕ. ನಮ್ಮ ಅತ್ತಿಗೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಒಳ್ಳೆಯ ಹೆಂಗಸು, ದೂರದಿಂದ.

ಹಾಳೆಯಲ್ಲಿ ಇದ್ದದ್ದು ಇಷ್ಟು. ಚಳಿ: ಮೂರು. ಪೋಸ್ಟ್‌ಮಾಸ್ಟರ್: ಇಪ್ಪತ್ತೇಳು. ಅಕ್ಕ: ಹನ್ನೆರಡು. ಭಯ: ಅದೂ ಹನ್ನೆರಡು. ಹೆಂಡತಿ: ನಲವತ್ತೊಂದು. ಭಾನುವಾರ: ಅದೂ ನಲವತ್ತೊಂದು.

ಅತ್ತಿಗೆ ಕನ್ನಡಕ ಏರಿಸಿಕೊಂಡರು. "ನಾನು ಹನ್ನೆರಡು. ಆ ರಸ್ತೇಲಿ ಹನ್ನೆರಡನೇ ನಂಬರ್ ಯಾವುದೇ?"

ನನಗೆ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ, ಆದರೂ ಹೇಳಿದೆ. "ಹೂವಿನ ಅಂಗಡಿ" ಅಂದೆ.

ಅತ್ತಿಗೆಯ ಮುಖ ಊರಗಲವಾಯಿತು. "ನೋಡಿದ್ಯಾ? ಚಿಕ್ಕವನಿದ್ದಾಗಿಂದ ಅವನಿಗೆ ನಾನಂದ್ರೆ ಹಾಗೆ."

"ಭಯಾನೂ ಹನ್ನೆರಡೇ ಇದೆ ಅತ್ತಿಗೆ."

"ಭಯ ಭಕ್ತಿ ಕಣೇ, ಅದು ಮರ್ಯಾದೆ." ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, ನಿಧಾನಕ್ಕೆ, ಸಕ್ಕರೆ ಹಾಕಿದ ದನಿಯಲ್ಲಿ ಕೇಳಿದರು, "ನಲವತ್ತೊಂದು ಯಾವುದಮ್ಮಾ?"

ನಲವತ್ತೊಂದನೇ ನಂಬರ್ ಗುಜರಿ ಅಂಗಡಿ.

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ನಗಲಿಲ್ಲ, ಅದೇ ಇನ್ನೂ ಕಷ್ಟ. "ಹೋಗ್ಲಿ ಬಿಡು, ಗುಜರೀಲೂ ಒಳ್ಳೆ ಸಾಮಾನು ಸಿಗುತ್ತೆ" ಎಂದು ನನ್ನ ಬೆನ್ನು ಸವರಿ ಎದ್ದು ಹೋದರು. ಸಂಜೆಯೊಳಗೆ ಅವರ ಕೇರಿಗೆಲ್ಲ ಸುದ್ದಿ ಮುಟ್ಟಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಮಿಷನ್ನಿನ ಮುಂದೆ ಕೂತೆ, ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಭಾನುವಾರವೂ ನಲವತ್ತೊಂದೇ ಯಾಕೆ ಎಂದು ಯೋಚಿಸಿದೆ. ಭಾನುವಾರ ಬಂದರೆ ನಾನು ಇವರಿಂದ ಅಟ್ಟ ಕ್ಲೀನ್ ಮಾಡಿಸುತ್ತೇನೆ, ಅದಕ್ಕೇ ಇರಬೇಕು. ಎಲ್ಲ ತಾಳೆಯಾಗುತ್ತಿತ್ತು. ಇಪ್ಪತ್ತೆಂಟು ವರ್ಷ ಇವರ ಕಾಲರಿನ ಬಟನ್ ಹಾಕಿ, ಕೆಮ್ಮಿದರೆ ಕಷಾಯ ಮಾಡಿ, ನಿಂತೇ ತಿನ್ನುತ್ತಾರಲ್ಲ ಪಾಪ ಎಂದು ಡಬ್ಬಿಗೆ ಎರಡು ತುತ್ತು ಹೆಚ್ಚಿಗೆ ಹಾಕಿ ಕಳಿಸಿದವಳು ನಾನು. ನನಗೆ ಹೂವಿನ ಅಂಗಡಿ ಬೇಡ. ಆ ರಸ್ತೆಯಲ್ಲಿ ಬೇಕರಿ ಇಲ್ಲವೇ? ಗಡಿಯಾರ ರಿಪೇರಿ ಅಂಗಡಿ ಇಲ್ಲವೇ? ಈ ಮನುಷ್ಯನ ತಲೆಯಲ್ಲಿ ನನಗೆ ಒಂದು ಮರ್ಯಾದಸ್ಥ ಜಾಗ ಇದೆಯೋ ಇಲ್ಲವೋ? ನನಗೆ ಬೇಕಾದದ್ದು ಅಷ್ಟೇ, ಅದನ್ನು ತಿಳಿಯದೆ ನನಗೆ ಅನ್ನ ಸೇರುವುದಿಲ್ಲ ಎಂದು ಗೊತ್ತಾಯಿತು.

ಎದ್ದು ಗುಜರಿ ಅಂಗಡಿಗೇ ಹೋದೆ. ಒಳಗೆ ರೆಕ್ಕೆ ಇಲ್ಲದ ಫ್ಯಾನು, ಮುಚ್ಚಳ ಇಲ್ಲದ ಕೆಟಲ್ಲು, ಮೂರು ಕಾಲಿನ ಕುರ್ಚಿ. ಇದರಲ್ಲಿ ನಾನು ಯಾವುದು ಎಂದು ಹುಡುಕುತ್ತಾ ನಿಂತೆ.

ಅಂಗಡಿಯವನು ಬಂದ. "ಏನ್ ಬೇಕಮ್ಮಾ?"

"ಏನೂ ಬೇಡ. ನೋಡ್ತಿದೀನಿ."

ಮೂಲೆಯಲ್ಲಿ ಚಕ್ರ ಮುರಿದ ಒಂದು ಹಳೇ ಹೊಲಿಗೆ ಮಿಷನ್ ಕಾಣಿಸಿತು. ನೇರ ಅದರ ಮುಂದೆ ಹೋಗಿ ನಿಂತೆ.

"ಇದು ಎಷ್ಟು ದಿನದಿಂದ ಇದೆ ಇಲ್ಲಿ?"

"ಅದಾ? ಬಹಳ ವರ್ಷ ಆಯ್ತು. ತುಂಬ ಗಟ್ಟಿ. ಆದ್ರೆ ಯಾವಾಗ್ಲೂ ಕಿರಕಿರ ಅನ್ನುತ್ತೆ, ಅದಕ್ಕೇ ಯಾರೂ ತಗೊಂಡು ಹೋಗಲ್ಲ."

"ಯಾರು ಹೇಳಿಕೊಟ್ಟರು ನಿಮಗೆ ಹೀಗೆ ಮಾತಾಡೋಕೆ?" ಎಂದು ಅವನ ಮೇಲೆ ಹರಿಹಾಯ್ದೆ. ಅವನು ಕೆಟಲ್ಲನ್ನು ಎದೆಗೆ ಅಡ್ಡ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಸಂಜೆ ಇವರು ಬಂದರು. ಹಾಳೆಯನ್ನು ಮೂಗಿನ ಕೆಳಗೆ ಹಿಡಿದೆ.

"ನಲವತ್ತೊಂದು. ಗುಜರಿ ಅಂಗಡಿ. ಅಲ್ಲವೇನ್ರಿ?"

ಇವರು ಹಾಳೆ ನೋಡಿದರು. ನಲವತ್ತೊಂದು ಎನ್ನುವುದನ್ನು ನೋಡಿದ ಕೂಡಲೇ ಇವರ ಮುಖ ಬಿಳಿಚಿತು. ಅದು ಸಿಕ್ಕಿಬಿದ್ದವರ ಮುಖ, ನನಗೆ ಗೊತ್ತು. ಎಡಗಾಲು ಒಂದು ಹೆಜ್ಜೆ ಮುಂದೆ ಹೋಯಿತು, ಅದನ್ನು ಬಲಗಾಲಿನಿಂದ ತುಳಿದು ನಿಲ್ಲಿಸಿದರು.

"ಹೂಂ" ಅಂದರು. "ಗುಜರಿ ಅಂಗಡೀನೇ."

ಅಯ್ಯೋ ದೇವರೇ! ಬೇರೆ ಯಾವ ಗಂಡನಾದರೂ ಸುಳ್ಳಾದರೂ ಹೇಳುತ್ತಿದ್ದ. ಇಲ್ಲ ಕಣೇ, ಯಂತ್ರ ಕೆಟ್ಟಿದೆ ಕಣೇ, ನೀನು ಬೇಕರಿ ಕಣೇ ಎಂದು ಒಂದು ಮಾತು. ಈ ಪುಣ್ಯಾತ್ಮ ಒಪ್ಪಿಕೊಂಡುಬಿಟ್ಟರು! ನಾನು ಮಾತು ಬಿಟ್ಟೆ. ನಾನು ಮಾತು ಬಿಡುವುದೆಂದರೆ ಸಣ್ಣ ವಿಷಯವಲ್ಲ, ಪಕ್ಕದ ಮನೆಯವರು ಬಂದು ಹುಷಾರಾಗಿದ್ದೀರಾ ಎಂದು ಕೇಳಿಕೊಂಡು ಹೋದರು.

ಆದರೆ ಆ ಕಾಲು. ಆ ಕಾಲು ಎಲ್ಲಿಗೋ ಹೊರಟಿತ್ತು, ಇವರು ತಡೆದರು. ಎರಡು ದಿನ ಅದೇ ಕಣ್ಣ ಮುಂದೆ ಬಂತು. ಬಾಯಿ ಸುಳ್ಳು ಹೇಳಬಹುದು, ಇವರ ಕಾಲಿಗೆ ಅಷ್ಟು ಬುದ್ಧಿ ಇಲ್ಲ.

ಮೂರನೇ ದಿನ ಬೆಳಿಗ್ಗೆ ಬಟನ್ ಡಬ್ಬಿಯಿಂದ ಲೆಕ್ಕ ಮಾಡಿ ನಲವತ್ತೊಂದು ಬಟನ್ ತೆಗೆದು ಎಡಗಡೆ ಜೇಬಿಗೆ ಹಾಕಿಕೊಂಡೆ. ತಲೆಗೆ ಸ್ಕಾರ್ಫ್ ಕಟ್ಟಿ, ಛತ್ರಿ ಹಿಡಿದು, ಇವರ ಹಿಂದೆ ಹೊರಟೆ. ಇವರು ಒಂದು ಕಡೆ ನಿಂತರೆ ಒಂದು ಬಟನ್ ಬಲಗಡೆ ಜೇಬಿಗೆ. ಕಾಲಿನ ಲೆಕ್ಕವನ್ನು ಕಾಲಿನಿಂದಲೇ ಹಿಡಿಯಬೇಕು.

ಮೊದಲನೇ ಬಟನ್ನಿಗೇ ನನಗೆ ಆಶ್ಚರ್ಯ. ಇವರು ನಿಂತದ್ದು ಒಂದನೇ ನಂಬರ್ ಮನೆಯ ಮುಂದಲ್ಲ. ಅದಕ್ಕಿಂತ ಮೊದಲೇ, ಮೂಲೆಯ ಅಂಚೆ ಡಬ್ಬಿಯ ಹತ್ತಿರ ನಿಂತು ಅದರ ತಲೆ ತಟ್ಟಿದರು, ಮಗುವಿಗೆ ತಟ್ಟುವ ಹಾಗೆ. ಆಮೇಲೆ ಮನೆ, ಮನೆ, ಮನೆ. ನಡುವೆ ಮಹಡಿಯ ಕಿಟಕಿಯಲ್ಲಿ ಒಬ್ಬ ಮುದುಕರು. ಅವರಿಗೆ ಕಾಗದವೇನೂ ಬರುವುದಿಲ್ಲ. ಆದರೂ ಇವರು ನಿಂತು "ಇವತ್ತೂ ಇಲ್ಲ ಸರ್" ಎಂದು ಹೇಳಿ ಕೈ ಬೀಸಿದರು, ಅವರೂ ಕೈ ಬೀಸಿದರು. ಅದಕ್ಕೂ ಒಂದು ಬಟನ್.

ಹನ್ನೆರಡನೇ ಬಟನ್ ಕೈಯಲ್ಲಿ ಹಿಡಿದಾಗ ನಾವಿನ್ನೂ ಒಂಬತ್ತನೇ ನಂಬರಿನ ಮನೆಯನ್ನು ಆಗಷ್ಟೇ ದಾಟಿದ್ದೆವು. ಹೂವಿನ ಅಂಗಡಿ ಇನ್ನೂ ಮುಂದಿತ್ತು. ಇವರು ತಟ್ಟನೆ ನಿಂತರು, ಬ್ಯಾಗನ್ನು ಮೊಣಕಾಲಿಗೆ ಅಡ್ಡ ಹಿಡಿದರು, ಉಸಿರು ಬಿಗಿಹಿಡಿದರು. ಕಾಂಪೌಂಡಿನ ಹಿಂದಿನಿಂದ ಒಂದು ದಪ್ಪ ಕಂದು ನಾಯಿ, ಒಂದು ಕಿವಿ ಹರಿದದ್ದು, ಊರು ಹಾರಿಹೋಗುವ ಹಾಗೆ ಬೊಗಳುತ್ತಾ ಬಂತು. ಇವರ ಮೂರು ಪ್ಯಾಂಟಿನ ಹಿಂಭಾಗಕ್ಕೆ ನಾನು ತೇಪೆ ಹಾಕಿದ್ದೇನಲ್ಲ, ಅದು ಈ ನಾಯಿಯ ಹಲ್ಲಿನ ಕೆಲಸ.

ಹನ್ನೆರಡು. ಭಯ. ಅಕ್ಕ.

ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದು ನಾನು ಎಷ್ಟು ನಕ್ಕೆನೆಂದರೆ ಕೈಯಲ್ಲಿದ್ದ ಆ ಹನ್ನೆರಡನೇ ಬಟನ್ ಚರಂಡಿಗೆ ಬಿತ್ತು. ಆಗಲೇ ಎಲ್ಲ ಅರ್ಥವಾಯಿತು. ಮಿದುಳಮ್ಮ ಕೇಳಿದ್ದು ನಿಲುಗಡೆ, ನಾವು ಎಣಿಸಿದ್ದು ಮನೆಯ ನಂಬರ್. ಇವರ ತಲೆಯಲ್ಲಿ ಬೀಟು ಎಂದರೆ ಬರೀ ಬಾಗಿಲುಗಳಲ್ಲ. ಅಂಚೆ ಡಬ್ಬಿ, ಮುದುಕರ ಕಿಟಕಿ, ನಾಯಿ, ನೀರು ತುಂಬಿಸಿಕೊಳ್ಳುವ ನಲ್ಲಿ, ಕಾಲು ನಿಂತಲ್ಲೆಲ್ಲ ಒಂದೊಂದು ನಂಬರ್. ಹಾಗಾದರೆ ನಾನು ಗುಜರಿಯಲ್ಲ. ಆದರೆ ಗುಜರಿ ಅಂಗಡೀನೇ ಎಂದು ಇವರು ಯಾಕೆ ಒಪ್ಪಿಕೊಂಡರು? ನಗು ಅಲ್ಲಿಗೆ ನಿಂತಿತು. ಗುಜರಿಗಿಂತ ಕೆಟ್ಟದ್ದು ಯಾವುದಿದೆ ಈ ರಸ್ತೆಯಲ್ಲಿ?

ಮೂವತ್ತು. ಮೂವತ್ತೈದು. ಮೂವತ್ತೆಂಟರಲ್ಲಿ ಒಂದು ಸಾರ್ವಜನಿಕ ಶೌಚಾಲಯ ಬಂತು, ಇವರು ಒಳಗೆ ಹೋಗಿ ಬಂದರು. ಮೂರೇ ಬಟನ್ ಅಂತರದಲ್ಲಿ ತಪ್ಪಿತು ಎಂದು ನಿಟ್ಟುಸಿರು ಬಿಟ್ಟೆ. ಮೂವತ್ತೊಂಬತ್ತು ಒಂದು ಮನೆ, ನಲವತ್ತೂ ಮನೆ. ಬಾಗಿಲ ಮೇಲಿನ ನಂಬರ್ ಮೂವತ್ತೆರಡು.

ಆಮೇಲೆ ಇವರು ಆಚೆ ಈಚೆ ನೋಡಿದರು. ಕಳ್ಳನ ಹಾಗೆ ನೀರಿನ ಟ್ಯಾಂಕಿನ ಹಿಂದೆ ನುಸುಳಿದರು.

ನಾನೂ ನುಸುಳಿದೆ. ಅಲ್ಲಿ ಒಂದು ಮರ, ಅದರ ಕೆಳಗೆ ಒಂದು ಸಿಮೆಂಟಿನ ಬೆಂಚು. ಇವರು ಕೂತರು. ಬ್ಯಾಗನ್ನು ನೆಲಕ್ಕಿಟ್ಟರು. ಬಗ್ಗಿ ಒಂದು ಶೂ ಬಿಚ್ಚಿದರು, ಇನ್ನೊಂದು ಬಿಚ್ಚಿದರು, ಕಾಲುಚೀಲ ಕಳಚಿ ಬೆಂಚಿನ ಕೈಗೆ ಒಣಗಲು ಹಾಕಿದರು. ಹತ್ತೂ ಬೆರಳನ್ನು ಅಗಲಿಸಿ ಗಾಳಿಗೆ ಹಿಡಿದರು. ಆಮೇಲೆ ಕಣ್ಣು ಮುಚ್ಚಿ "ಆಹಾ" ಅಂದರು. ಇಪ್ಪತ್ತೆಂಟು ವರ್ಷದಲ್ಲಿ ಮನೆಯಲ್ಲಿ ನಾನು ಆ ಆಹಾ ಕೇಳಿಲ್ಲ. ನಾನು ಕಳಿಸಿದ ಡಬ್ಬಿ ತೆಗೆದು, ಆರಾಮಾಗಿ, ಕಾಲು ಚಾಚಿ, ತಿನ್ನಲು ಶುರುಮಾಡಿದರು.

ನಲವತ್ತೊಂದನೇ ಬಟನ್ ಬಲಗಡೆ ಜೇಬಿಗೆ ಬಿತ್ತು.

"ನಿಂತೇ ತಿಂತೀರಾ ರೀ?" ಅಂದೆ.

ಡಬ್ಬಿ ಬೀಳುವುದರಲ್ಲಿತ್ತು, ಹಿಡಿದುಕೊಂಡರು. ಶೂ ಹಾಕಿಕೊಳ್ಳಲು ಹೋಗಿ ಎಡದ್ದನ್ನು ಬಲಕ್ಕೆ ತೂರಿಸಿದರು.

"ಲೇ... ನೀನಾ? ಇಲ್ಲಿ?"

"ಹೌದು, ನಾನೇ! ಊಟಕ್ಕೆ ಮನೆಗೆ ಬರೋಕೆ ಟೈಮೇ ಇಲ್ಲ, ರಸ್ತೇಲೇ ನಿಂತು ನಾಲ್ಕು ತುತ್ತು ನುಂಗ್ತೀನಿ ಅಂತ ಇಷ್ಟು ವರ್ಷ ನನ್ನ ಕಿವಿಗೆ ಹೂವಿಟ್ರಲ್ಲ! ಇಲ್ಲಿಂದ ಮನೆ ಹತ್ತು ನಿಮಿಷ!"

"ಮನೆಗೆ ಬಂದ್ರೆ ನೀನು ಕೆಲಸ ಹೇಳ್ತೀಯ ಕಣೇ" ಎಂದರು, ಬಹಳ ಸಣ್ಣ ದನಿಯಲ್ಲಿ. "ದಾರ ತಗೊಂಬಾ, ಪರದೆ ಹಿಡ್ಕೋ, ಅಟ್ಟ ಹತ್ತು ಅಂತ."

"ಅದಕ್ಕೇ ಗುಜರಿ ಅಂಗಡೀನೇ ಅಂತ ಒಪ್ಪಿಕೊಂಡ್ರಾ? ಈ ಬೆಂಚಿನ ಗುಟ್ಟು ಹೊರಗೆ ಬರಬಾರದು ಅಂತ, ನನ್ನನ್ನ ಗುಜರಿ ಮಾಡಿದ್ರಾ?"

ಇವರು ನೆಲ ನೋಡುತ್ತಾ "ಹೂಂ" ಅಂದರು.

ನನಗೆ ಬೈಯಲು ಇನ್ನೂ ಹತ್ತು ಮಾತು ಸಿದ್ಧವಾಗಿದ್ದವು. ಆದರೆ ಮೊದಲು ಒಂದು ಕೇಳಲೇಬೇಕಿತ್ತು. "ಹಾಗಾದ್ರೆ ನಾನು ಈ ಬೆಂಚಾ? ನನ್ನಿಂದ ತಪ್ಪಿಸ್ಕೊಂಡು ಕೂರೋ ಜಾಗಾನೇ ನಾನಾ? ಇದೆಂಥ ತಲೆ ನಿಮ್ಮದು?"

"ನೀನೇ ತೋರಿಸಿದ್ದಲ್ವೇನೇ ಈ ಜಾಗಾನ?"

"ನಾನೆಲ್ಲಿ ತೋರಿಸ್ದೆ?"

"ನೆನಪಿಲ್ವಾ? ನನಗೆ ಕೆಲಸ ಸಿಕ್ಕಿ ಒಂದು ವಾರ. ಹೊಸ ಶೂ, ಎರಡೂ ಹಿಮ್ಮಡಿ ಸುಲಿದು ರಕ್ತ. ಕುಂಟ್ಕೊಂಡು ಹೋಗ್ತಿದ್ದೆ. ನೀನು ಆಗ ಟೈಲರ್ ಅಂಗಡೀಲಿ ಕೆಲಸ ಕಲೀತಿದ್ದೆ, ಇಲ್ಲಿ ಕೂತು ಊಟ ಮಾಡ್ತಿದ್ದೆ. ನನ್ನ ನೋಡಿ ಕೂಗಿದೆ. 'ಅದು ಕಾಲೋ ಕಟ್ಟಿಗೆಯೋ? ಮೊದಲು ಶೂ ಬಿಚ್ಚಿ ಇಲ್ಲಿ ಕೂತ್ಕೊಳ್ರೀ!' ಆಮೇಲೆ ಅಂಗಡಿಯಿಂದ ಎರಡು ತುಂಡು ಬಟ್ಟೆ ತಂದು ಹಿಮ್ಮಡಿಗೆ ಸುತ್ತಿ, ಬೈಕೊಂಡು ಹೋದೆ. ನನ್ನ ಹೆಸರೂ ಕೇಳ್ಲಿಲ್ಲ."

ನನಗೆ ಒಂದು ಚೂರೂ ನೆನಪಿರಲಿಲ್ಲ. ನಾನು ಇವರನ್ನು ಮೊದಲು ನೋಡಿದ್ದು ಟೈಲರ್ ಅಂಗಡಿಗೆ ಕಾಗದ ತಂದಾಗ ಎಂದೇ ಇಷ್ಟು ವರ್ಷ ನಂಬಿದ್ದೆ. ದಿನಕ್ಕೆ ಹತ್ತು ಜನಕ್ಕೆ ಬೈಯುವವಳು ನಾನು, ಯಾರಿಗೆ ಏನು ಬೈದೆ ಎಂದು ಎಲ್ಲಿ ನೆನಪಿಡಲಿ?

"ಈ ರಸ್ತೇಲಿ ನನಗೆ ಕೂತ್ಕೋ ಅಂದ ಜಾಗ ಇದೊಂದೇ" ಅಂದರು. "ಮಿಕ್ಕಿದ್ದೆಲ್ಲ ಕಾಗದ ಎಲ್ಲಿ ಅಂತ ಕೇಳೋ ಬಾಗಿಲುಗಳು."

ಅಳು ಬಂದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಬೆಂಚಿನ ಖಾಲಿ ಕಡೆ ಧೂಳು ಕೊಡವಿ ಕೂತೆ, ಚಪ್ಪಲಿ ಬಿಚ್ಚಿದೆ. ಬೆರಳಿಗೆ ಗಾಳಿ ತಾಗಿತು. ಆಹಾ ಎನ್ನುವಂಥ ಜಾಗವೇ ಅದು, ಕೆಲಸವಿಲ್ಲದ ಭಾನುವಾರದ ಹಾಗೆ. ಡಬ್ಬಿ ಕಿತ್ತುಕೊಂಡು ಅರ್ಧ ತಿಂದೆ. ಉಪ್ಪು ಕಡಿಮೆ ಇತ್ತು, ಇವರು ಒಂದು ದಿನವೂ ಹೇಳಿರಲಿಲ್ಲ.

"ನಿಮ್ಮಕ್ಕ ಆ ನಾಯಿ, ಗೊತ್ತಾ?" ಅಂದೆ.

"ಹೇಳಬೇಡ್ವೇ ಅವಳಿಗೆ!"

"ನೋಡೋಣ." ಈ ವಿಷಯದಲ್ಲಿ ನಾನು ಮಾತು ಕೊಡಲಿಲ್ಲ, ಈಗಲೂ ಕೊಟ್ಟಿಲ್ಲ.

ಇವರು ಕಾಲುಚೀಲ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ ಕೇಳಿದರು, "ಅಲ್ಲ, ನನ್ನ ತಲೆ ಎಲ್ಲ ಜಾಲಾಡಿದೆಯಲ್ಲ. ನಿನ್ನ ತಲೇಲಿ ನಾನೆಲ್ಲಿದೀನಿ?"

ಇಷ್ಟು ದಿನ ಊರೆಲ್ಲ ಸುತ್ತಿದವಳಿಗೆ ಇದೊಂದು ಪ್ರಶ್ನೆ ಹೊಳೆದಿರಲಿಲ್ಲ. ನಾನು ಉತ್ತರ ಯೋಚಿಸುವ ಮೊದಲೇ ಕೈ ಎದ್ದಿತ್ತು. ನೇರ ಎದೆಗೆ ಹೋಗಿ ಆ ಸೂಜಿಯನ್ನು ಹಿಡಿದುಕೊಂಡಿತು. ಎಂದಿನ ಹಾಗೆ ಬೆರಳಿಗೆ ಚುಚ್ಚಿತು.

"ಗುಜರಿ ಅಂಗಡೀಲಿ" ಅಂದೆ.

ಇವರು ನನ್ನ ಬಾಯಿಯನ್ನು ನೋಡುತ್ತಿರಲಿಲ್ಲ. ಕೈಯನ್ನು ನೋಡುತ್ತಿದ್ದರು. ಒಂದು ಕಾಲಿಗೆ ಶೂ, ಇನ್ನೊಂದು ಬರಿಗಾಲು, ಹಾಗೇ ಕೂತು ನಗಲು ಶುರುಮಾಡಿದರು.